ಯಾತ್ರೆಗೆ ಅಶಕ್ತರು ಯಾರು?

ದೀಪಾವಳಿ ಕಳೆದು ಚಳಿಗಾಲದ ರಜೆಯ ದಿನಗಳು ಸಮೀಪಿಸಿದವೆಂದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿರುವ ಮಠದ ಶಾಖೆಗಳಲ್ಲಿ ಯಾತ್ರೆಯ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಮಂತ್ರಾಲಯ, ಉಡುಪಿ, ತಿರುಪತಿ, ಆನೆಗೊಂದಿ; ಬೇಸಿಗೆಯಲ್ಲಾದರೆ ಬದರಿ. ಹೊರಡುವ ದಿನ, ತಲಪುವ ವೇಳೆ, ತಲಾ ತಗಲುವ ವೆಚ್ಚ, ಹಾಸಿಗೆ ಹೊದಿಕೆ ತರಬೇಕೋ ಬೇಡವೋ ಎಂಬ ವಿವರಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರಗಳ ಸಾಲೊಂದಿರುವುದುಂಟು: ನಡೆಯಲು ಶಕ್ತರಾದವರು ಮಾತ್ರ ಹೆಸರು ನೋಂದಾಯಿಸತಕ್ಕದ್ದು. ಇದನ್ನು ಬರೆದವರು ನಿರ್ದಯರಲ್ಲ. ಐವತ್ತು ಜನರನ್ನು ಕರೆದುಕೊಂಡು ಹೋಗಿ ಸುಖವಾಗಿ ಮನೆ ಸೇರಿಸುವ ಹೊಣೆ ಹೊತ್ತ ಸೇವಾಕರ್ತರು ಅವರು. ಆದರೂ ಈ ಒಂದು ಸಾಲಿನಲ್ಲಿ ವಿಚಾರಾರ್ಹವಾದ ಧರ್ಮಸೂಕ್ಷ್ಮವೊಂದು ಅಡಗಿದೆಯೆಂದು ನಮಗೆ ತೋರುತ್ತದೆ.

ಅಶಕ್ತರಿಗೆ ವಿನಾಯಿತಿ ನೀಡುವುದು ಶಾಸ್ತ್ರಕ್ಕೆ ಸಮ್ಮತವಾದುದೇ. ಏಕಾದಶಿಯಂತಹ ನಿಷ್ಠುರವಾದ ವ್ರತದಲ್ಲಿಯೂ ಬಾಲರು, ವೃದ್ಧರು, ರೋಗಿಗಳು ಇವರ ವಿಷಯದಲ್ಲಿ ಸಡಿಲಿಕೆಯುಂಟು. ಆದರೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ತಾನು ನಿರ್ಜಲವನ್ನೇ ಮಾಡುವೆನೆಂದು ಕುಳಿತರೆ ಮನೆಯವರು ಏನು ಮಾಡುತ್ತಾರೆ? ಒಂದೆರಡು ಬಾರಿ ಬೇಡವೆನ್ನುತ್ತಾರೆ. ಕೇಳದಿದ್ದರೆ ಅಂದು ಅವಳ ಪಾಲಿನ ಕೆಲಸಗಳನ್ನು ತಾವು ವಹಿಸಿಕೊಂಡು, ಮರುದಿನದ ಪಾರಣೆಯನ್ನು ಬೇಗನೆ ಸಿದ್ಧಪಡಿಸುತ್ತಾರೆ. ನಿನಗೆ ಉಪವಾಸದ ಅಧಿಕಾರವಿಲ್ಲವೆಂದು ಯಾರೂ ಹೇಳುವುದಿಲ್ಲ. ವಿನಾಯಿತಿ ಎಂಬುದು ಕರ್ತವ್ಯದ ಭಾರವನ್ನು ಇಳಿಸುವ ಕರುಣೆ. ಅದನ್ನು ಸ್ವೀಕರಿಸುವುದೂ ಬಿಡುವುದೂ ಅಶಕ್ತರಿಗೇ ಸೇರಿದ ವಿಷಯ. ಯಾತ್ರೆಯ ಪ್ರಸಂಗದಲ್ಲಿ ಮಾತ್ರ ಈ ವಿನಾಯಿತಿಯನ್ನು ನಾವು ನಿಷೇಧವಾಗಿ ಮಾರ್ಪಡಿಸಿಕೊಂಡಿದ್ದೇವೆ. ಬರಬೇಕಾಗಿಲ್ಲ ಎಂದದ್ದು ಬರಕೂಡದು ಎಂದಾಗಿದೆ.

ಇದಕ್ಕೆ ಸಾಮಾನ್ಯವಾಗಿ ದೊರೆಯುವ ಸಮಾಧಾನವೊಂದಿದೆ. ಭಗವಂತನು ಸರ್ವಾಂತರ್ಯಾಮಿ, ಹೃದಯದಲ್ಲಿಯೇ ಬಿಂಬರೂಪಿಯಾಗಿ ಇದ್ದಾನೆ, ಮಾನಸಪೂಜೆಯು ಬಾಹ್ಯಪೂಜೆಗಿಂತ ಮಿಗಿಲು, ಆದ್ದರಿಂದ ಮನೆಯಲ್ಲಿ ಕುಳಿತೇ ಸ್ಮರಿಸಬಹುದು ಎಂದು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಇದು ಎಲ್ಲರಿಗೂ ಅನ್ವಯಿಸುವ ಸತ್ಯ. ಎರಡೂ ಕಾಲು ಗಟ್ಟಿಯಾಗಿರುವವರು ಇದನ್ನು ತಿಳಿದೂ ತುಂಗಭದ್ರೆಯ ತೀರಕ್ಕೆ ಹೋಗುತ್ತಾರೆ, ಏಕೆಂದರೆ ಸನ್ನಿಧಾನವಿಶೇಷವೆಂಬುದು ಉಂಟೆಂದು ನಂಬುತ್ತಾರೆ. ಹೀಗಿರುವಾಗ ಸರ್ವಾಂತರ್ಯಾಮಿತ್ವದ ಉಪದೇಶವು ಊರುಗೋಲು ಹಿಡಿದವರಿಗಷ್ಟೇ ದೊರೆಯುವುದು, ಅದೂ ಪೆಟ್ಟಿಗೆ ಕಟ್ಟುತ್ತಿರುವವರ ಬಾಯಿಂದ ದೊರೆಯುವುದು ಯೋಗ್ಯವೇ?

ಅಷ್ಟಕ್ಕೂ ಯಾತ್ರೆಗೆ ಅಶಕ್ತರೆಂದರೆ ಯಾರು? ಸುಮಧ್ವವಿಜಯವನ್ನು ಓದಿದವರಿಗೆ ನೆನಪಿರಬಹುದು: ಶ್ರೀಮದಾಚಾರ್ಯರು ಬದರಿಯಿಂದ ವ್ಯಾಸಾಶ್ರಮಕ್ಕೆ ಹೊರಟಾಗ ಶಿಷ್ಯರಾದ ಸತ್ಯತೀರ್ಥರು ಅಗಲಲಾರದೆ ಹಿಂಬಾಲಿಸಿದರು, ಗುರುಗಳ ವೇಗವನ್ನು ಸರಿಗಟ್ಟಲಾರದೆ ಹಿಂದಿರುಗಬೇಕಾಯಿತು. ಆ ಹಾದಿಗೆ ಸತ್ಯತೀರ್ಥರಂತಹವರೂ ಅಶಕ್ತರೇ. ಶಕ್ತಿಯಲ್ಲಿ ತಾರತಮ್ಯವುಂಟು, ಶಕ್ತರ ಗುಂಪು ಒಂದು, ಅಶಕ್ತರ ಗುಂಪು ಇನ್ನೊಂದು ಎಂಬ ಗಡಿಗೆರೆಯನ್ನು ಎಳೆದವರು ನಾವು. ಇನ್ನೂ ಸಮೀಪದ ಉದಾಹರಣೆ ಬೇಕಾದರೆ ತಿರುಮಲೆಯನ್ನು ನೋಡಬಹುದು. ಅಲಿಪಿರಿಯಿಂದ ಏರುವ ಹಾದಿಯಲ್ಲಿ ಸುಮಾರು 3,500 ಮೆಟ್ಟಿಲುಗಳಿವೆ. 1944ರಲ್ಲಿ ಮೊದಲ ಘಾಟ್ ರಸ್ತೆಯಾಗುವವರೆಗೆ ಬೆಟ್ಟವನ್ನು ನಡೆದೇ ಹತ್ತಬೇಕು, ಇಲ್ಲವೇ ಡೋಲಿಯಲ್ಲಿ ಹೊರಿಸಿಕೊಳ್ಳಬೇಕು. ಇಂದು ನಮ್ಮಲ್ಲಿ ಬಹುಮಂದಿ ಬಸ್ಸಿನಲ್ಲಿ ಕುಳಿತು ಏಳು ಬೆಟ್ಟ ಏರಿ ಗೋವಿಂದಾ ಎನ್ನುತ್ತೇವೆ. ಆ ರಸ್ತೆಯೂ ನಡೆಯಲಾರದವರಿಗಾಗಿ ಮಾಡಿದ ಏರ್ಪಾಡಲ್ಲವೇ? ನಮಗೆ ಬೇಕಾದ ಏರ್ಪಾಡಿಗೆ ರಸ್ತೆಯೆಂದು ಹೆಸರು. ಇನ್ನೊಬ್ಬರಿಗೆ ಬೇಕಾದುದಕ್ಕೆ ವಿಶೇಷ ಸೌಲಭ್ಯವೆಂದು ಹೆಸರು.

ಹೆಸರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿ ಮುಂದುವರಿಯುತ್ತೇವೆ. ಅಂಗವಿಕಲರೆಂಬ ಶಬ್ದವು ನೋಯಿಸುತ್ತದೆಂದು ಕರ್ನಾಟಕದ ಸರ್ಕಾರಿ ಬಳಕೆಯಲ್ಲಿ ವಿಕಲಚೇತನರೆಂಬ ಪದ ಬಂದಿದೆ. 2015ರ ನಂತರ ಹಿಂದಿಯ ದಾರಿಯಲ್ಲಿ ದಿವ್ಯಾಂಗರೆಂಬ ಪದವೂ ರೂಢಿಗೆ ಬಂದಿದೆ. ಉದ್ದೇಶವು ಒಳ್ಳೆಯದು. ಆದರೆ ಚೇತನವೆಂದರೆ ಜೀವನೆಂದು ಪಾಠ ಹೇಳಿಸಿಕೊಂಡ ನಮಗೆ ವಿಕಲಚೇತನವೆಂಬ ಶಬ್ದ ಕೇಳಿದಾಗ ಸ್ವಲ್ಪ ಇರುಸುಮುರುಸಾಗುತ್ತದೆ. ವೈಕಲ್ಯವಿರುವುದು ಸ್ಥೂಲದೇಹದ ಯಾವುದೋ ಒಂದು ಅಂಗದಲ್ಲಿ. ಜೀವನಿಗೆ ಸ್ವರೂಪದೇಹವುಂಟು, ಸ್ವರೂಪೇಂದ್ರಿಯಗಳುಂಟು; ಪೋಲಿಯೋ ಅವುಗಳನ್ನು ಮುಟ್ಟಲಾರದು. ಜೀವರಲ್ಲಿ ಸ್ವರೂಪತಃ ತಾರತಮ್ಯವಿದೆಯೆಂಬುದು ನಮ್ಮ ಸಿದ್ಧಾಂತ ನಿಜ. ಆದರೆ ಅದನ್ನು ಕೈಕಾಲು ನೋಡಿ ಅಳೆಯಬಹುದೆಂದು ಯಾವ ಆಚಾರ್ಯರೂ ಹೇಳಿಲ್ಲ. ಮೈಯಲ್ಲಿ ಎಂಟು ಕಡೆ ವಕ್ರವಿದ್ದ ಅಷ್ಟಾವಕ್ರನು ಜನಕನ ಸಭೆಯಲ್ಲಿ ವಾದಿಸಿ ಗೆದ್ದುದನ್ನು ಭಾರತದ ವನಪರ್ವದಲ್ಲಿ ಓದಿದವರು ಅಂತಹ ಅಳತೆಗೆ ಕೈ ಹಾಕಲಾರರು.

ಎಲ್ಲವೂ ಪ್ರಾರಬ್ಧ, ಅನುಭವಿಸಿಯೇ ತೀರಬೇಕು, ನಾವೇನು ಮಾಡಲಾದೀತು ಎನ್ನುವವರೂ ಇದ್ದಾರೆ. ಪ್ರಾರಬ್ಧವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ವಾಚಕ ಮಹಾಶಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೂಗಿನ ಮೇಲೆ ಈ ಕ್ಷಣದಲ್ಲಿ ಕನ್ನಡಕವಿರಬಹುದು. ಮಂದದೃಷ್ಟಿಯೂ ಪ್ರಾರಬ್ಧವೇ ಅಲ್ಲವೇ? ಗರ್ಭಗುಡಿಯ ಮುಂದೆ ನಿಂತಾಗ ಅದನ್ನು ತೆಗೆದಿಟ್ಟು ಪ್ರಾರಬ್ಧವನ್ನು ಅನುಭವಿಸುವವರನ್ನು ನಾವು ಕಂಡಿಲ್ಲ. ಇನ್ನೊಬ್ಬರ ಪ್ರಾರಬ್ಧವು ಎಲ್ಲಿಗೆ ಮುಗಿಯುತ್ತದೆ, ನಮ್ಮ ಉದಾಸೀನವು ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ಒಬ್ಬರಿಗೆ ಕಾಲಿನಲ್ಲಿ ಬಲವಿಲ್ಲದಿರುವುದು ಪ್ರಾರಬ್ಧವಿರಬಹುದು. ಮಠದ ಬಾಗಿಲಿನಲ್ಲಿ ಹಿಡಿಕೆಯಿಲ್ಲದ ನಾಲ್ಕು ಮೆಟ್ಟಿಲುಗಳಿರುವುದು ಗುತ್ತಿಗೆದಾರನ ಕೆಲಸ.

ಈಗ ಮೂಲ ಪ್ರಶ್ನೆಗೆ ಬರೋಣ. ಇನ್ನೊಬ್ಬರ ಸಹಾಯವಿಲ್ಲದೆ ಹೋಗಲಾರದವರು ಯಾತ್ರೆಗೆ ಹೊರಟರೆ ಇತರರಿಗೆ ಭಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಂಗವಿಕಲರೂ ಇದನ್ನೇ ನಂಬಿ ಹಿಂದೆ ಸರಿಯುತ್ತಾರೆ. ಶ್ರೀಮದಾಚಾರ್ಯರ ತತ್ತ್ವಸಂಖ್ಯಾನವು ಆರಂಭವಾಗುವುದೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸುವುದರಿಂದ. ಸ್ವತಂತ್ರನು ಶ್ರೀಹರಿಯೊಬ್ಬನೇ. ಉಳಿದ ಸಮಸ್ತರೂ, ಬ್ರಹ್ಮಾದಿಗಳೂ ಕೂಡ, ಪರಾಧೀನರು. ಬೆಟ್ಟವನ್ನು ಓಡುತ್ತ ಹತ್ತುವ ಯುವಕನ ಉಸಿರು ಮುಖ್ಯಪ್ರಾಣನ ಅಧೀನ. ಅವನ ಹೆಜ್ಜೆ ಹರಿಯ ಅಧೀನ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಇದರ ಮೇಲೆ ಇನ್ನೊಂದು ಕೈಯ ಆಸರೆ ಬೇಕು, ಅಷ್ಟೇ ಹೆಚ್ಚಳ. ಪಾರತಂತ್ರ್ಯವನ್ನು ನಾಚಿಕೆಯ ವಿಷಯವೆಂದು ಎಣಿಸುವುದು ಬೇರೆ ಯಾವ ಮತದವರಿಗಾದರೂ ಒಪ್ಪಬಹುದೇನೋ, ನಮಗೆ ಒಪ್ಪುವುದಿಲ್ಲ.

ಇದೇ ತರ್ಕವು ಸಹಾಯ ಮಾಡುವವರಿಗೂ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಆಸರೆ ನೀಡುವ ಕೈಯೂ ಅಸ್ವತಂತ್ರವೇ ಆದುದರಿಂದ, ಅದು ಯಜಮಾನಿಕೆಯನ್ನು ನಡೆಸಲಾರದು. ಕೇಳದೆ ಎತ್ತುವುದು, ಕೇಳದೆ ಕುರ್ಚಿಯನ್ನು ತಳ್ಳುವುದು, ಅವರೆದುರಿಗೇ ಅವರ ವಿಷಯವನ್ನು ಜೊತೆಗಾರರ ಬಳಿ ವಿಚಾರಿಸುವುದು, ಇವೆಲ್ಲ ದಯೆಯ ಹೆಸರಿನಲ್ಲಿ ನಡೆಯುವ ಅಪಚಾರಗಳು. ಭೀಷ್ಮಪರ್ವದ ಪ್ರಾರಂಭವನ್ನು ನೋಡಿರಿ. ಭಗವಾನ್ ವೇದವ್ಯಾಸರು ಅಂಧನಾದ ಧೃತರಾಷ್ಟ್ರನ ಬಳಿಗೆ ಬಂದು, ಯುದ್ಧವನ್ನು ನೋಡಲು ಇಚ್ಛೆಯಿದ್ದರೆ ಕಣ್ಣು ಕೊಡುವೆನೆಂದರು. ಬಂಧುವಧೆಯನ್ನು ನೋಡಲಾರೆ, ಕೇಳಬಯಸುವೆನೆಂದು ಅವನೆಂದನು. ಆಗ ಸಂಜಯನಿಗೆ ದಿವ್ಯದೃಷ್ಟಿ ದೊರೆಯಿತು. ಸರ್ವಜ್ಞರಾದ ವ್ಯಾಸರು ಕೂಡ ಮೊದಲು ಕೇಳಿದರು. ಬಂದ ಉತ್ತರದಂತೆ ಏರ್ಪಾಡನ್ನು ಬದಲಿಸಿದರು. ಧೃತರಾಷ್ಟ್ರನ ಗುಣದೋಷಗಳ ವಿಚಾರ ಬೇರೆ. ನಾವು ನಿತ್ಯ ಪಾರಾಯಣ ಮಾಡುವ ಗೀತೆಯು ನಮ್ಮ ಕಿವಿಗೆ ಬಿದ್ದಿರುವುದು ಕಣ್ಣಿಲ್ಲದವನೊಬ್ಬನಿಗಾಗಿ ಆದ ಆ ವ್ಯವಸ್ಥೆಯ ಮೂಲಕವೇ. ಉಡುಪಿಯಲ್ಲಿ ಶ್ರೀಕೃಷ್ಣನ ಎದುರು ದೃಷ್ಟಿಹೀನರೊಬ್ಬರನ್ನು ನಿಲ್ಲಿಸಿ, ಇಂದಿನ ಅಲಂಕಾರ ಯಾವುದು, ಕೈಯಲ್ಲಿ ಕಡೆಗೋಲು ಹೇಗೆ ಹೊಳೆಯುತ್ತಿದೆ, ತುಳಸಿಯ ಮಾಲೆ ಎಲ್ಲಿಯವರೆಗೆ ಇಳಿದಿದೆ ಎಂದು ಮೆಲುದನಿಯಲ್ಲಿ ಹೇಳುವುದಕ್ಕೆ ಎರಡು ನಿಮಿಷ ಸಾಕು. ಅದಕ್ಕೆ ಖರ್ಚೂ ಇಲ್ಲ.

ಶ್ರವಣಕುಮಾರನ ಲೋಕಕಥೆಯನ್ನೂ ನಾವು ಒಂದೇ ಕಡೆಯಿಂದ ನೋಡುತ್ತ ಬಂದಿದ್ದೇವೆ. ಕಾವಡಿ ಹೊತ್ತ ಮಗನನ್ನು ಹಾಡಿ ಹೊಗಳುತ್ತೇವೆ. ಯಾತ್ರೆಯ ಹಂಬಲವಿದ್ದುದು ಕಾವಡಿಯಲ್ಲಿ ಕುಳಿತವರಿಗೆ ಎಂಬುದನ್ನು ಮರೆಯುತ್ತೇವೆ.

ಲೌಕಿಕ ಪ್ರವಾಸದ ಕ್ಷೇತ್ರದಲ್ಲಿ ಈ ಕೆಲಸವನ್ನು ವೃತ್ತಿಯಾಗಿಯೇ ಮಾಡುವವರಿದ್ದಾರೆ. ತಂದೆಗೆ ದೃಷ್ಟಿಯಿಲ್ಲದೆ, ತಾಯಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಮನೆಯಲ್ಲಿ ಬೆಳೆದ ನೇಹಾ ಅರೋರಾ ಎಂಬವರು 2016ರಲ್ಲಿ ದೆಹಲಿಯಲ್ಲಿ ಪ್ಲಾನೆಟ್ ಏಬಲ್ಡ್ ಎಂಬ ಪ್ರವಾಸಸಂಸ್ಥೆಯನ್ನು ಆರಂಭಿಸಿದರು. ಇಂತಹ ಸೇವೆಯ ಜೀವಾಳವೆಂದರೆ ಮೊದಲೇ ವಿಚಾರಿಸಿ ತಿಳಿದುಕೊಳ್ಳುವುದು: ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಷ್ಟು, ಶೌಚದ ಅನುಕೂಲ ಹೇಗೆ, ಕಿವಿ ಕೇಳದವರಿಗೆ ಸನ್ನೆಯಲ್ಲಿ ತಿಳಿಸುವವರು ಉಂಟೇ. ನಮ್ಮ ಯಾತ್ರಾಸಮಿತಿಗಳು ಇದನ್ನು ಕಲಿಯಬಹುದು. ಅಗಲವನ್ನು ಅಳೆಯಲು ಒಂದು ಟೇಪು, ಕೇಳಿ ಬರೆದುಕೊಳ್ಳಲು ಒಂದು ಪುಸ್ತಕ ಇದ್ದರೆ ಆರಂಭಕ್ಕೆ ಸಾಕು.

ಉದಾಹರಣೆಗೆ ಪುಣೆಯಿಂದ ಮಂತ್ರಾಲಯದ ಯಾತ್ರೆಯನ್ನೇ ತೆಗೆದುಕೊಳ್ಳೋಣ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತರೆ ಮಂತ್ರಾಲಯ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಎತ್ತರದ ಪ್ಲಾಟ್‌ಫಾರಂ ಎನಿಸಿಕೊಂಡದ್ದೂ ಬೋಗಿಯ ನೆಲಕ್ಕಿಂತ ಒಂದೂವರೆ ಅಡಿಯಷ್ಟು ಕೆಳಗೇ ಇರುತ್ತದೆ. ಅನೇಕ ರೈಲುಗಳಲ್ಲಿ ಅಂಗವಿಕಲರಿಗೆಂದು ಅಗಲವಾದ ಬಾಗಿಲು, ಹಿಡಿಕೆಗಳಿರುವ ಶೌಚಾಲಯ ಉಳ್ಳ ಬೋಗಿಯಿರುವುದುಂಟು. ಆದರೆ ಅದು ಇರುವುದು ರೈಲಿನ ಒಂದು ತುದಿಯಲ್ಲಿ. ಭಜನೆ ಮಾಡುತ್ತ ಹೋಗುವ ತಂಡವೆಲ್ಲ ನಡುವಿನ ಬೋಗಿಯಲ್ಲಿ, ಅಂಗವಿಕಲರೊಬ್ಬರು ಒಬ್ಬ ಜೊತೆಗಾರನೊಡನೆ ಎಲ್ಲೋ ಕೊನೆಯಲ್ಲಿ. ಇಲ್ಲಿ ಯಾವುದು ಮೇಲೆಂದು ನಿರ್ಧರಿಸಬೇಕಾದವರು ಅವರೇ. ಕೆಲವರಿಗೆ ಶೌಚದ ಅನುಕೂಲವೇ ಮುಖ್ಯ, ಕೆಲವರಿಗೆ ಸತ್ಸಂಗ. ನಿಲ್ದಾಣದಿಂದ ಕ್ಷೇತ್ರಕ್ಕೆ ಇನ್ನೂ ಸುಮಾರು 16 ಕಿಲೋಮೀಟರು. ಬಸ್ಸಿನ ಮೊದಲ ಮೆಟ್ಟಿಲು ಮಂಡಿಯೆತ್ತರ. ವಸತಿಗೃಹದಲ್ಲಿ ನೆಲಮಾಳಿಗೆಯ ಕೋಣೆಯೆಂದು ಬರೆಸಿಕೊಂಡರೆ ಸಾಲದು. ಕೋಣೆಯ ಬಾಗಿಲು ಮೂರಡಿಯಿದ್ದು ಬಚ್ಚಲಿನ ಬಾಗಿಲು ಎರಡಡಿಯಿದ್ದರೆ ಗಾಲಿಕುರ್ಚಿ ಒಳಗೆ ಹೋಗದು. ಸ್ನಾನವಿಲ್ಲದೆ ದರ್ಶನಕ್ಕೆ ಹೋಗಲು ಅವರಿಗೂ ಮನಸ್ಸು ಬಾರದು. ಮೆಟ್ಟಿಲುಗಳ ಮೇಲೆ ಹಲಗೆಯಿಟ್ಟು ಇಳಿಜಾರು ಮಾಡಿದೆವೆನ್ನುವವರಿಗೆ ಒಂದು ಲೆಕ್ಕ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಆರಂಗುಲದ ನಾಲ್ಕು ಮೆಟ್ಟಿಲಿಗೆ 24 ಅಡಿ. ಅದಕ್ಕಿಂತ ಕಡಿದಾದುದು ಜಾರುಬಂಡೆ.

ಮಡಿಯ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ, ಏಕೆಂದರೆ ಅನೇಕ ದೇವಾಲಯಗಳಲ್ಲಿ ತಡೆಯಾಗುವುದು ಅದೇ. ಬೀದಿಯಲ್ಲಿ ಉರುಳಿ ಬಂದ ಗಾಲಿ ಒಳಗೆ ಬರಬಹುದೇ? ಬೀದಿಯಲ್ಲಿ ನಡೆದು ಬಂದ ಪಾದಗಳನ್ನು ನಾವು ತೊಳೆದುಕೊಂಡು ಒಳಗೆ ಹೋಗುತ್ತೇವೆ, ಗಾಲಿಯನ್ನೂ ತೊಳೆಯಬಹುದು. ಊರುಗೋಲು, ಕ್ಯಾಲಿಪರುಗಳಲ್ಲಿ ಚರ್ಮದ ಪಟ್ಟಿಯಿದ್ದರೆ ನೈಲಾನಿನದನ್ನು ಹಾಕಿಸಬಹುದು. ಈ ದಿಕ್ಕಿನಲ್ಲಿ ಹಿಂದೆಯೇ ಯೋಚಿಸಿದವರಿದ್ದಾರೆ. 1960ರ ದಶಕದ ಕೊನೆಗೆ ಜೈಪುರದಲ್ಲಿ ವೈದ್ಯರಾದ ಡಾ. ಪ್ರಮೋದ್ ಕರಣ್ ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ರೂಪಿಸಿದ ಜೈಪುರ ಪಾದವು ರಬ್ಬರಿನದು. ವಿದೇಶೀ ಕೃತಕ ಕಾಲುಗಳಿಗೆ ಬೂಟು ಬೇಕಾಗಿತ್ತು. ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಪದ್ಮಾಸನ ಹಾಕಿ ಕೂರುವ, ಕುಕ್ಕುರುಗಾಲಿನಲ್ಲಿ ಕೂರುವ ನಮ್ಮ ಜನಕ್ಕೆ ಅವು ಒದಗುತ್ತಿರಲಿಲ್ಲ. ಬರಿಗಾಲಿನಲ್ಲಿ ನಡೆಯಬಲ್ಲ ಕೃತಕ ಕಾಲು ದೊರೆತ ಮೇಲೆ ಗುಡಿಯ ಬಾಗಿಲಿನಲ್ಲಿ ಬೂಟಿನ ತೊಡಕು ಉಳಿಯಲಿಲ್ಲ. ಕೆಲವು ದೇವಾಲಯಗಳು ತಮ್ಮದೇ ಗಾಲಿಕುರ್ಚಿಯನ್ನು ಒಳಗಿಟ್ಟಿರುತ್ತವೆ. ಇದು ಶ್ಲಾಘ್ಯವೇ, ಆದರೂ ತಮ್ಮ ದೇಹಕ್ಕೆ ಹೊಂದಿದ ಕುರ್ಚಿಯಿಂದ ಅಪರಿಚಿತರ ಕೈಯಲ್ಲಿ ಎತ್ತಿಸಿಕೊಂಡು ಬೇರೊಂದಕ್ಕೆ ಹೋಗುವುದು, ಅದರಲ್ಲಿಯೂ ಸ್ತ್ರೀಯರಿಗೆ, ಎಷ್ಟು ಸಂಕೋಚದ ವಿಷಯವೆಂಬುದನ್ನು ಮರೆಯಬಾರದು. ಕ್ಷೇತ್ರದ ನಿಯಮಗಳನ್ನು ನಾವು ಮೀರಬೇಕೆನ್ನುತ್ತಿಲ್ಲ. ಶಾಸ್ತ್ರಜ್ಞರು ಕುಳಿತು ನಿರ್ಣಯ ಮಾಡಲಿ. ಮಾಡುವಾಗ ಗಾಲಿಕುರ್ಚಿಯವರೊಬ್ಬರನ್ನೂ ಎದುರಿಗೆ ಕುಳ್ಳಿರಿಸಿಕೊಳ್ಳಲಿ ಎಂಬುದಷ್ಟೇ ಪ್ರಾರ್ಥನೆ. ಒಳಗೆ ಬರಲಾಗದೆ ಹೊರಗೆ ನಿಂತ ಕನಕದಾಸರಿಗಾಗಿ ಸ್ವಾಮಿಯು ಪಶ್ಚಿಮಕ್ಕೆ ತಿರುಗಿದನೆಂಬ ಐತಿಹ್ಯವನ್ನು ಪ್ರತಿಯೊಬ್ಬ ಯಾತ್ರಿಕನಿಗೂ ಹೇಳುವ ನಾವು, ಒಂದು ಕಬ್ಬಿಣದ ಹಿಡಿಕೆಯನ್ನು ಗೋಡೆಗೆ ಹಾಕಿಸಲು ವರ್ಷಗಟ್ಟಲೆ ಯೋಚಿಸಬೇಕಾಗಿಲ್ಲ.

ಬದಲಾವಣೆ ಆಗುವುದೇ ಇಲ್ಲವೆಂದೇನಲ್ಲ. ನೆಲದ ಮೇಲೆ ಕುಳಿತು ಮಾಡುವ ಪಂಕ್ತಿಭೋಜನದ ಪಕ್ಕದಲ್ಲಿ ಮೇಜಿನ ಪಂಕ್ತಿಯು ನಮ್ಮ ಕಣ್ಣೆದುರಿಗೇ ಎಲ್ಲೆಡೆ ಬಂದಿತು. ಅದಕ್ಕಾಗಿ ವಿದ್ವತ್ಸಭೆ ಸೇರಲಿಲ್ಲ. ಮಂಡಿನೋವು ಸಮಿತಿಯವರಿಗೂ ಬಂದಿತ್ತು, ಅಷ್ಟೆ.

ಇನ್ನು ಕಾಲ ಮತ್ತು ವೆಚ್ಚಗಳ ಮಾತು. ನಿಜವಾದ ತೊಡಕು ಇರುವುದು ಇಲ್ಲಿಯೇ. ಒಬ್ಬರಿಗಾಗಿ ಬಸ್ಸು ಅರ್ಧ ಗಂಟೆ ತಡವಾದರೆ ನಲವತ್ತೊಂಬತ್ತು ಜನರಿಗೆ ಬೆಳಗಿನ ಪಂಚಾಮೃತಾಭಿಷೇಕ ತಪ್ಪುತ್ತದೆ. ಅವರ ಅಸಮಾಧಾನವನ್ನು ಸ್ವಾರ್ಥವೆಂದು ತಳ್ಳಿಹಾಕಲಾಗದು. ಅವರೂ ವರ್ಷವೆಲ್ಲ ಕೂಡಿಟ್ಟ ರಜೆಯಲ್ಲಿ ಬಂದವರು. ಆದರೆ ತಡವಾಗುವುದು ಹೆಚ್ಚಾಗಿ ದಾರಿಯಲ್ಲಿ ಹೊಂದಿಸಿಕೊಳ್ಳೋಣವೆಂದು ಬಿಡುವುದರಿಂದ. ವೇಳಾಪಟ್ಟಿಯನ್ನು ಬರೆಯುವಾಗಲೇ ನಿಧಾನವಾಗಿ ಬರುವವರ ಗತಿಯನ್ನು ಲೆಕ್ಕಕ್ಕೆ ಹಿಡಿದರೆ, ಎರಡು ಕ್ಷೇತ್ರಗಳನ್ನು ಕಡಿಮೆ ಮಾಡಿದರೆ, ಯಾರಿಗೂ ಅಭಿಷೇಕ ತಪ್ಪದು. ಮೂರು ದಿನದಲ್ಲಿ ಹನ್ನೊಂದು ಕ್ಷೇತ್ರ ಮುಗಿಸುವ ಈಗಿನ ಧಾವಂತದಲ್ಲಿ ಶಕ್ತರಿಗಾದರೂ ಏನು ದರ್ಶನವಾಗುತ್ತದೆಯೋ ನಾವರಿಯೆವು. ಜೊತೆಗಾರನ ಖರ್ಚನ್ನು ಅಂಗವಿಕಲರ ಮೇಲೆಯೇ ಹೊರಿಸುವುದು ನಮಗೆ ಸರಿಕಾಣದು. ಅದನ್ನು ತಂಡದ ಸಾಮಾನ್ಯ ವೆಚ್ಚದಲ್ಲಿ ಸೇರಿಸಿದರೆ ತಲಾ ಬೀಳುವುದು ಅಲ್ಪವೇ. ದಾನವೆಂದು ರಸೀದಿ ಹರಿಯುವುದೂ ಬೇಡ. ಬಸ್ಸಿನ ಡ್ರೈವರನ ಊಟವನ್ನು ನಾವು ದಾನವೆಂದು ಬರೆಯುತ್ತೇವೆಯೇ?

ಮೊದಲೇ ಕೇಳಿದ್ದರೂ ಏರ್ಪಾಡು ನಡೆಯದಿದ್ದರೆ ಏನಾಗುತ್ತದೆಂಬುದಕ್ಕೆ 2024ರ ಫೆಬ್ರವರಿಯಲ್ಲಿ ಮುಂಬಯಿ ವಿಮಾನನಿಲ್ದಾಣದಲ್ಲಿ ನಡೆದುದನ್ನು ಅನೇಕರು ಬಲ್ಲರು. ಅಮೆರಿಕೆಯಿಂದ ಬಂದಿಳಿದ ವೃದ್ಧ ದಂಪತಿಗಳು ಇಬ್ಬರಿಗೂ ಗಾಲಿಕುರ್ಚಿಯನ್ನು ಮುಂಗಡವಾಗಿ ಕೇಳಿದ್ದರು, ದೊರೆತದ್ದು ಒಂದು. ಹೆಂಡತಿಯನ್ನು ಅದರಲ್ಲಿ ಕುಳ್ಳಿರಿಸಿ ಎಂಬತ್ತು ವರ್ಷದ ಗಂಡನು ಪಕ್ಕದಲ್ಲಿ ನಡೆಯುತ್ತ ಹೋಗಿ ಕುಸಿದು ತೀರಿಕೊಂಡನು. ವಿಮಾನಯಾನ ಮಹಾನಿರ್ದೇಶನಾಲಯವು ಆ ವಿಮಾನಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಇನ್ನೊಂದು ಕುರ್ಚಿ ಬರುವವರೆಗೆ ಕಾಯಬಹುದಾಗಿತ್ತೆಂಬ ವಾದವೂ ಕೇಳಿಬಂದಿತು. ದೂರದ ಪ್ರಯಾಣ ಮುಗಿಸಿದ ಮುದುಕನೊಬ್ಬನು ಹೆಂಡತಿಯನ್ನು ಒಬ್ಬಳನ್ನೇ ಕಳುಹಿಸಿ ಕಾಯುವನೇ?

ಕಾನೂನಿನ ಮಾತನ್ನು ನಾವು ಕೊನೆಗಿಟ್ಟಿರುವುದು ಅದು ಚಿಕ್ಕದೆಂದಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ 2.68 ಕೋಟಿ. 2016ರಲ್ಲಿ ಅಂಗೀಕೃತವಾದ ಅಂಗವಿಕಲರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡವೆಂಬ ಪದದ ಅರ್ಥದಲ್ಲಿ, ಜನರು ಬಳಸುವ ಖಾಸಗಿ ಕಟ್ಟಡಗಳನ್ನೂ, ಧಾರ್ಮಿಕ ಕಾರ್ಯಗಳಿಗೆ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ದೃಷ್ಟಿಹೀನರಾದ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರದಲ್ಲಿ, ಸುಗಮ ಪ್ರವೇಶದ ನಿಯಮಗಳು ಕೇವಲ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದಿತು. ಅರ್ಜಿ ಹೂಡಿದಂದಿನಿಂದ ಅಷ್ಟರಲ್ಲಿ ಹತ್ತೊಂಬತ್ತು ವರ್ಷಗಳು ಸಂದಿದ್ದವು. ನ್ಯಾಯಾಲಯದ ಆಜ್ಞೆಗಾಗಿ ಕಾದು ಇಳಿಜಾರು ಕಟ್ಟಿಸುವ ಮಠವನ್ನು ಕಲ್ಪಿಸಿಕೊಳ್ಳಲು ನಮಗೆ ಮನಸ್ಸು ಬಾರದು.

ಎಲ್ಲ ಸ್ಥಳಗಳಿಗೂ ಎಲ್ಲರನ್ನೂ ಒಯ್ಯಬಹುದೆಂಬ ಭ್ರಮೆ ನಮಗಿಲ್ಲ. ಆನೆಗೊಂದಿಯ ನವವೃಂದಾವನವು ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಪದ್ಮನಾಭತೀರ್ಥರು, ವ್ಯಾಸರಾಜರು ಮೊದಲಾದ ಒಂಬತ್ತು ಯತಿಗಳ ಆ ಸನ್ನಿಧಿಗೆ ದೋಣಿಯಲ್ಲಿ ಹೋಗಬೇಕು; ದಡದಲ್ಲಿ ಬಂಡೆಗಳಿವೆ, ಹೊಳೆ ತುಂಬಿದಾಗ ದೋಣಿಯೂ ಇಲ್ಲ. ಇಂತಹ ಕಡೆ ಇರುವ ಸ್ಥಿತಿಯನ್ನು ಹೆಸರು ನೋಂದಾಯಿಸುವಾಗಲೇ ಬಿಡಿಸಿ ಹೇಳಬೇಕು: ದೋಣಿಯ ಅಂಚು ಎಷ್ಟು ಎತ್ತರ, ಎತ್ತಿ ಕೂರಿಸಲು ಎಷ್ಟು ಮಂದಿ ಬೇಕು, ಆಚೆಯ ದಡದಲ್ಲಿ ಎಷ್ಟು ದೂರ ಹೊರಬೇಕು. ಕೇಳಿದ ಮೇಲೆ ಎತ್ತಿಸಿಕೊಂಡಾದರೂ ಬರುವೆನೆಂದು ಒಬ್ಬರು ಹೇಳಬಹುದು. ಈಚೆಯ ದಡದಲ್ಲಿಯೇ ಕುಳಿತು ನಮಸ್ಕರಿಸುವೆನೆಂದು ಇನ್ನೊಬ್ಬರು ಹೇಳಬಹುದು. ಮೊದಲನೆಯವರಿಗೆ ನಾಲ್ಕು ಜನ ಬಲವಾದವರು ಬೇಕು. ಎರಡನೆಯವರೊಡನೆ ದಡದಲ್ಲಿ ಕುಳಿತು ಸ್ತೋತ್ರ ಹೇಳಲು ಒಬ್ಬರು ಬೇಕು. ಆ ಒಬ್ಬರು ಯಾರೆಂಬುದನ್ನು ಹೊಳೆಯ ದಡದಲ್ಲಿ ನಿಂತು ಮುಖಮುಖ ನೋಡಿಕೊಳ್ಳುತ್ತ ನಿರ್ಧರಿಸುವುದಕ್ಕಿಂತ, ಪುಣೆಯಲ್ಲಿಯೋ ಮುಂಬಯಿಯಲ್ಲಿಯೋ ಹೊರಡುವ ಹಿಂದಿನ ವಾರವೇ ಸರದಿಯ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥